ಸುರುಳಿ ನೋಡಿ ಹೆಸರಿಡಬೇಡಿ, ಗೋಡೆ ನೋಡಿ: ಮೈಕ್ರೋಕಾಂಕಿಡ್ ಕೊಳವೆ ಗುರುತಿಸೋದು ಹೇಗೆ

ಕೋಟ್ಯಂತರ ವರ್ಷ ಹಳೆಯ ಚಿಪ್ಪಿನ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಸುರುಳಿ ಅಂಟಿಕೊಂಡಿರುತ್ತದೆ. ಅದನ್ನು ಕಂಡ ಕೂಡಲೇ 'ಸ್ಪೈರಾರ್ಬಿಸ್' ಅಂತ ಚೀಟಿ ಬರೆದುಬಿಡುವುದು ಬಹಳ ಹಳೆಯ ಅಭ್ಯಾಸ. ಸ್ಪೈರಾರ್ಬಿಸ್ ಅಂದರೆ ಇವತ್ತಿಗೂ ಕಡಲಿನಲ್ಲಿ ಬದುಕಿರುವ ಒಂದು ಹುಳು. ಸುಣ್ಣದ ಪುಟ್ಟ ಕೊಳವೆ ಕಟ್ಟಿಕೊಂಡು ಅದರೊಳಗೇ ಇರುತ್ತದೆ. ಆದರೆ ಡೆವೋನಿಯನ್, ಕಾರ್ಬಾನಿಫೆರಸ್ ಕಾಲದ, ಅಂದರೆ ಸುಮಾರು 42 ಕೋಟಿಯಿಂದ 30 ಕೋಟಿ ವರ್ಷ ಹಿಂದಿನ ಸುರುಳಿಗಳು ಈ ಹುಳುವಿನವಲ್ಲ. ಅವು ಮೈಕ್ರೋಕಾಂಕಿಡ್ ಅನ್ನುವ ಬೇರೆಯೇ ಬಳಗದವು, ಮತ್ತು ಆ ಬಳಗದಲ್ಲಿ ಒಂದೂ ಈಗ ಉಳಿದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ವ್ಯತ್ಯಾಸ ಇರುವುದು ಕೊಳವೆಯ ಗೋಡೆಯಲ್ಲಿ. ಮನೆಯಲ್ಲೇ, ಕಾಲೇಜಿನ ಸಾಧಾರಣ ಸೂಕ್ಷ್ಮದರ್ಶಕ ಇಟ್ಟುಕೊಂಡು ಆ ಗೋಡೆಯನ್ನು ಹೇಗೆ ನೋಡಬಹುದು ಅಂತ ಹೇಳುತ್ತೇನೆ.

ಈ ಗೊಂದಲದ ಕಥೆ ಮೊದಲು ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು, ಯಾಕೆಂದರೆ ದೊಡ್ಡ ದೊಡ್ಡವರೂ ಇಲ್ಲಿ ಎಡವಿದ್ದಾರೆ. ಮೊದಲು ಎಲ್ಲರೂ ಹುಳು ಅಂದರು. 1977ರಲ್ಲಿ ಬರ್ಚೆಟ್ ಮತ್ತು ರೈಡಿಂಗ್ ಅನ್ನುವ ಸಂಶೋಧಕರು ಕಾರ್ಬಾನಿಫೆರಸ್ ಕಾಲದ ಕೊಳವೆಗಳ ಗೋಡೆ ನೋಡಿ, ಇದು ಹುಳುವಿನದಲ್ಲ, ಬಂಡೆಗೆ ಅಂಟಿಕೊಂಡು ಬದುಕುವ ಬಸವನಹುಳುವಿನ ಥರದ್ದು ಅಂದರು. 1990ರ ಸುಮಾರಿಗೆ ವೀಡನ್ ಅನ್ನುವವರು ಇನ್ನೂ ಹತ್ತಿರದಿಂದ ನೋಡಿ, ಅದೂ ಅಲ್ಲ, ಇದೇ ಬೇರೆ ಗುಂಪು ಅಂತ ಮೈಕ್ರೋಕಾಂಕಿಡ ಅನ್ನುವ ಹೆಸರು ಕೊಟ್ಟರು. 2006ರಲ್ಲಿ ಪಾಲ್ ಟೇಲರ್ ಮತ್ತು ಓಲೆವ್ ವಿನ್ ಸೇರಿ ಇದರಿಂದ ಆಗುವ ಪರಿಣಾಮ ಏನು ಅಂತ ತೋರಿಸಿದರು. ಇವತ್ತಿನ ಸ್ಪೈರಾರ್ಬಿಸ್ ಬದುಕುವುದು ಕಡಲ ನೀರಿನಲ್ಲಿ. ಮೈಕ್ರೋಕಾಂಕಿಡ್‌ಗಳೋ, ಸಿಹಿನೀರಿನಲ್ಲೂ ಚೌಳು ನೀರಿನಲ್ಲೂ ಬದುಕಿದ್ದವು. ಕೆನಡಾದ ನೋವಾ ಸ್ಕೋಷಿಯಾದಲ್ಲಿರುವ ಜಾಗಿನ್ಸ್‌ನ ಕಲ್ಲಿದ್ದಲು ಪದರಗಳಲ್ಲಿ ಇಂಥ ಸುರುಳಿಗಳು ಸಿಗುತ್ತವೆ. ಅವುಗಳನ್ನು ಸ್ಪೈರಾರ್ಬಿಸ್ ಅಂದುಕೊಂಡರೆ ಜೌಗು ಕಾಡಿನೊಳಗೆ ಸಮುದ್ರ ನುಗ್ಗಿತ್ತು ಅಂತ ಓದಿಕೊಂಡುಬಿಡುತ್ತೀರಿ. ಒಂದು ತಪ್ಪು ಚೀಟಿಯಿಂದ ಇಡೀ ಜಾಗದ ಚರಿತ್ರೆಯೇ ತಪ್ಪಾಗುತ್ತದೆ. ಅದಕ್ಕೇ ನಾನು ಇಷ್ಟು ಒತ್ತಿ ಹೇಳುವುದು.

ಮಾದರಿ ಎಲ್ಲಿಂದ ತರುವುದು? ಕರ್ನಾಟಕದ ಬಂಡೆಗಳಲ್ಲಿ ಸಿಗುವುದಿಲ್ಲ. ನಮ್ಮ ನೆಲದ ಬಹುಪಾಲು ಬಂಡೆ ಈ ಪ್ರಾಣಿಗಳಿಗಿಂತ ಎಷ್ಟೋ ಹಳೆಯದು. ನನ್ನ ಬಳಿ ಇರುವುದು ಅಮೆರಿಕದ ಓಹಾಯೊ ರಾಜ್ಯದ ಸಿಲ್ವೇನಿಯಾ ಊರಿನದು. ಅಲ್ಲಿನ ಫಾಸಿಲ್ ಪಾರ್ಕಿನಲ್ಲಿ ಕ್ವಾರಿಯಿಂದ ತಂದು ಸುರಿದ ಶೇಲ್ ಕಲ್ಲಿನ ರಾಶಿ ಇರುತ್ತದೆ, ಸಿಕ್ಕಿದ್ದನ್ನು ಮನೆಗೆ ಒಯ್ಯಬಹುದು. ಅಲ್ಲೇ ಹತ್ತಿರ ಇರುವ ನಮ್ಮಕ್ಕ ಒಂದು ಬೇಸಿಗೆ ಮಕ್ಕಳ ಜೊತೆ ಹೋಗಿ ಆರಿಸಿ ತಂದಿದ್ದಳು. ಸುಮಾರು 38 ಕೋಟಿ ವರ್ಷ ಹಳೆಯ ಬ್ರೇಕಿಯೋಪಾಡ್ (ಕಪ್ಪೆಚಿಪ್ಪಿನ ಥರ ಕಂಡರೂ ಬೇರೆಯೇ ಗುಂಪಿನ, ಎರಡು ಚಿಪ್ಪಿನ ಕಡಲ ಪ್ರಾಣಿ) ಚಿಪ್ಪುಗಳು, ಅವುಗಳ ಮೇಲೆ ಸುರುಳಿಗಳು. ಅಲ್ಲಿ ಯಾರಾದರೂ ನಿಮ್ಮವರಿದ್ದರೆ ಕೇಳಿ. ಬೇರೆ ಕಡೆ ನೀವೇ ಹುಡುಕಲು ಹೊರಟರೆ ಆ ಜಾಗದ ಅನುಮತಿ ಮೊದಲು ಕೇಳಿಕೊಳ್ಳಿ.

ಇನ್ನೊಂದು ಮಾದರಿಯೂ ಬೇಕು, ಅದು ಮಾತ್ರ ನಮ್ಮ ಊರಲ್ಲೇ ಸಿಗುತ್ತದೆ. ಮಲ್ಪೆಯಲ್ಲೋ ಕಾರವಾರದಲ್ಲೋ ಕಡಲ ದಂಡೆಗೆ ಹೋದಾಗ ದಡಕ್ಕೆ ಬಿದ್ದ ಕಪ್ಪೆಚಿಪ್ಪು, ನೀಲಿಕಲ್ಲು ಅನ್ನುವ ಚಿಪ್ಪು, ಹಳೇ ಪ್ಲಾಸ್ಟಿಕ್ ಬಾಟಲಿ ಇವುಗಳ ಬೆನ್ನು ನೋಡಿ. ಬಿಳಿ ಸುಣ್ಣದ ಕೊಳವೆಗಳು ಸೊಟ್ಟಸೊಟ್ಟವಾಗಿ ಹರಿದಾಡಿದ ಹಾಗೆ ಅಂಟಿಕೊಂಡಿರುತ್ತವೆ. ಅವು ಸೆರ್ಪುಲಿಡ್ ಹುಳುಗಳ ಮನೆ, ಸ್ಪೈರಾರ್ಬಿಸ್‌ಗೆ ಹತ್ತಿರದ ನೆಂಟರು. ಎರಡು ದಿನ ಬಿಸಿಲಲ್ಲಿ ಒಣಗಿಸಿ ಇಟ್ಟುಕೊಳ್ಳಿ. ಮೊದಲ ಐದಾರು ಸಲ ಇದರ ಮೇಲೇ ಕೈ ಪಳಗಿಸಿಕೊಳ್ಳಬೇಕು. ಕೆಟ್ಟರೆ ಇನ್ನೊಂದು ಸಿಗುತ್ತದೆ, ಓಹಾಯೊದ್ದು ಕೆಟ್ಟರೆ ಹೋಯಿತು. ಜೊತೆಗೆ, ನಿಜವಾದ ಹುಳುವಿನ ಗೋಡೆ ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸ ಆಗದೆ ಹುಳುವಿನದಲ್ಲದ ಗೋಡೆ ಗುರುತಿಸಲು ಆಗುವುದಿಲ್ಲ.

ಸಾಮಾನು ಇಷ್ಟು: ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ರೆಸಿನ್, ಬಾಟಲಿಯ ಮುಚ್ಚಳ ಒಂದೆರಡು, 400, 800, 1200, 2000 ನಂಬರಿನ ವಾಟರ್ ಪೇಪರ್, ದಪ್ಪ ಗಾಜಿನ ತುಂಡು, ಅಡುಗೆಯ ಬಿಳಿ ವಿನೆಗರ್, ಅಸಿಟೋನ್, ಅಸಿಟೇಟ್ ಹಾಳೆ, ಸೂಕ್ಷ್ಮದರ್ಶಕ. ಇದರಲ್ಲಿ ಜನ ಮೋಸ ಹೋಗುವುದು ಹಾಳೆಯ ವಿಷಯದಲ್ಲಿ. ಪಾರದರ್ಶಕವಾಗಿ ಕಂಡದ್ದೆಲ್ಲ ಅಸಿಟೇಟ್ ಅಲ್ಲ. ಓಹೆಚ್‌ಪಿ ಹಾಳೆ ಅಂತ ಸಿಗುವುದು ಹೆಚ್ಚಾಗಿ ಪಾಲಿಯೆಸ್ಟರ್. ಅದು ಅಸಿಟೋನ್‌ಗೆ ಕರಗುವುದೇ ಇಲ್ಲ, ಹಾಗಾಗಿ ಕೆಲಸಕ್ಕೆ ಬರುವುದಿಲ್ಲ. ಹಾಳೆಯ ಮೂಲೆಗೆ ಒಂದು ಹನಿ ಅಸಿಟೋನ್ ಹಾಕಿ ಬೆರಳು ಒತ್ತಿ ನೋಡಿ, ಮೆತ್ತಗಾಗಿ ಅಂಟಂಟು ಆದರೆ ಅದೇ ನಿಮಗೆ ಬೇಕಾದ ಹಾಳೆ. ನೇಲ್ ಪಾಲಿಶ್ ತೆಗೆಯುವ ದ್ರವ ಕೊಳ್ಳುವುದಾದರೆ ಅದರಲ್ಲಿ ಅಸಿಟೋನ್ ಇದೆಯಾ ಅಂತ ಓದಿಕೊಳ್ಳಿ, ಈಗೀಗ ಅಸಿಟೋನ್ ಇಲ್ಲದ್ದೂ ಬರುತ್ತದೆ. ಅಸಿಟೋನ್ ಬೆಂಕಿಗೆ ಬಹಳ ಬೇಗ ಹತ್ತಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ಈ ಕೆಲಸ ಬೇಡವೇ ಬೇಡ. ಕಿಟಕಿ ತೆಗೆದಿರುವ ಕೋಣೆ ಅಥವಾ ತಾರಸಿ ಒಳ್ಳೆಯದು.

ಶುರು ಮಾಡುವ ಮುಂಚೆ ಫೋಟೋ. ಮೇಲಿನಿಂದ, ಪಕ್ಕದಿಂದ, ಅಳತೆಪಟ್ಟಿ ಇಟ್ಟು. ಇದನ್ನು ಬಿಡಬೇಡಿ, ಯಾಕೆಂದರೆ ಉಜ್ಜಿದ ಮೇಲೆ ಆ ಹೊರಮೈ ಮತ್ತೆ ಸಿಗುವುದಿಲ್ಲ. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಇದ್ದರೆ ಮೇಲ್ಮೈಯಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಗುಳಿಗಳು ಇವೆಯಾ ನೋಡಿ ಬರೆದಿಟ್ಟುಕೊಳ್ಳಿ. ಕೆಲವು ಮೈಕ್ರೋಕಾಂಕಿಡ್‌ಗಳಲ್ಲಿ ಅವು ಚೆನ್ನಾಗಿ ಕಾಣುತ್ತವೆ. ಶುಚಿ ಮಾಡಲು ನೀರು ಮತ್ತು ಮೆತ್ತನೆ ಬ್ರಷ್ ಸಾಕು, ಈ ಹಂತದಲ್ಲಿ ಹುಳಿ ಏನೂ ತಾಗಿಸಬೇಡಿ.

ಈಗ ಯಾವ ದಿಕ್ಕಿನಲ್ಲಿ ಸೀಳುವುದು ಅನ್ನುವ ಪ್ರಶ್ನೆ. ಇಡೀ ಕೆಲಸದಲ್ಲಿ ಇದೇ ಮುಖ್ಯ. ಒಂದು ಕೊಳವೆಯನ್ನು ಬೆಂಡೆಕಾಯಿ ಹೆಚ್ಚಿದ ಹಾಗೆ ಅಡ್ಡ ಕತ್ತರಿಸಿದರೆ ಬಳೆ ಕಾಣುತ್ತದೆ. ಉದ್ದಕ್ಕೆ ಸೀಳಿದರೆ ಎರಡು ಕಡೆ ಗೋಡೆ, ಮಧ್ಯೆ ಖಾಲಿ ಜಾಗ ಕಾಣುತ್ತದೆ. ನಮಗೆ ಬೇಕಾದದ್ದು ಉದ್ದ ಸೀಳು. ಅಡ್ಡ ಸೀಳಿನಲ್ಲಿ ಹುಳುವಿನ ಗೋಡೆಯೂ ಒಂದರೊಳಗೊಂದು ಬಳೆ ಇಟ್ಟ ಹಾಗೆ ಪದರ ಪದರವಾಗಿ ಕಾಣುತ್ತದೆ, ಮೈಕ್ರೋಕಾಂಕಿಡ್ ಗೋಡೆಯೂ ಹಾಗೇ ಕಾಣುತ್ತದೆ. ನಾನು ಮೊದಲ ಎರಡು ಮಾದರಿಗಳನ್ನು ಅಡ್ಡ ಸೀಳಿ, ಕಡಲ ದಂಡೆಯ ಹುಳುವಿನ ಕೊಳವೆಯಲ್ಲೂ ಪದರ ಕಂಡು, ಎರಡೂ ಒಂದೇ ಅಂತ ತಿಂಗಳುಗಟ್ಟಲೆ ನಂಬಿದ್ದೆ. ಸುರುಳಿಯಾದರೆ ಸುಲಭ. ಅದು ಚಕ್ಕುಲಿಯ ಹಾಗೆ ಮಟ್ಟಸವಾಗಿ ಮಲಗಿರುತ್ತದೆ ಅಲ್ವಾ, ಮೇಲಿನಿಂದ ಕೆಳಕ್ಕೆ ಮಟ್ಟಸವಾಗಿಯೇ ಉಜ್ಜುತ್ತಾ ಹೋದರೆ ಅರ್ಧ ಎತ್ತರಕ್ಕೆ ಬಂದಾಗ ಇಡೀ ಕೊಳವೆ ಉದ್ದಕ್ಕೆ ತೆರೆದುಕೊಳ್ಳುತ್ತದೆ. ನಡುವಿನ ಮೊಗ್ಗೂ ಅದೇ ಸೀಳಿನಲ್ಲಿ ಸಿಗುತ್ತದೆ. ಆ ಮೊಗ್ಗಿನ ಮಾತು ಆಮೇಲೆ.

ಚಿಪ್ಪಿನಿಂದ ಸುರುಳಿಯನ್ನು ಕೀಳಲು ಹೋಗಬೇಡಿ. ಸುರುಳಿ ಕೂತಿರುವ ಚಿಪ್ಪಿನ ಸಣ್ಣ ತುಂಡನ್ನು ಹಾಗೇ ಮುಚ್ಚಳದಲ್ಲಿಟ್ಟು ಮೇಲೆ ರೆಸಿನ್ ಹುಯ್ಯಿರಿ. ಸುರುಳಿ ಮೇಲ್ಮುಖವಾಗಿ, ಮಟ್ಟಸವಾಗಿ ಇರಲಿ. ರೆಸಿನ್ ಕೊಳವೆಯೊಳಗೆ ಇಳಿಯಬೇಕು, ಇಲ್ಲದಿದ್ದರೆ ಉಜ್ಜುವಾಗ ಗೋಡೆ ಪುಡಿಯಾಗುತ್ತದೆ. ಹಾಗಾಗಿ ಐದು ನಿಮಿಷಕ್ಕೆ ಗಟ್ಟಿಯಾಗುವ ಅಂಟು ಬೇಡ, ರಾತ್ರಿಯಿಡೀ ತೆಗೆದುಕೊಳ್ಳುವ ಥರದ್ದೇ ಸರಿ. ಗುಳ್ಳೆ ಕಂಡರೆ ಸೂಜಿಯಲ್ಲಿ ಎಬ್ಬಿಸಿ.

ಮಾರನೇ ದಿನ ಗಾಜಿನ ಮೇಲೆ ವಾಟರ್ ಪೇಪರ್ ಹಾಸಿ, ನೀರು ಚಿಮುಕಿಸಿ, ಎಂಟರ ಅಂಕಿ ಬರೆಯುವ ಹಾಗೆ ಉಜ್ಜಿ. 400ರಲ್ಲಿ ರೆಸಿನ್ ಮಾತ್ರ ತೆಗೆಯಿರಿ. ಕೊಳವೆಯ ಬೆನ್ನು ಕಾಣಲು ಶುರುವಾದ ಕೂಡಲೇ 800ಕ್ಕೆ ಬದಲಿಸಿ, ಅಲ್ಲಿಂದ ಮುಂದೆ ಅವಸರ ಮಾಡಬೇಡಿ. ಸುರುಳಿಯ ಒಟ್ಟು ಎತ್ತರವೇ ಒಂದು ಮಿಲಿಮೀಟರ್ ಆಸುಪಾಸು ಇರುತ್ತದೆ. ಹತ್ತು ಸುತ್ತು ಉಜ್ಜಿ, ತೊಳೆದು, ಲೆನ್ಸಿನಲ್ಲಿ ನೋಡಿ. ಮತ್ತೆ ಹತ್ತು ಸುತ್ತು. ಅರ್ಧಕ್ಕೆ ಬಂದಿದೆ ಅನ್ನಿಸಿದಾಗ 1200, ಆಮೇಲೆ 2000. ಪೇಪರ್ ಬದಲಿಸುವಾಗಲೆಲ್ಲ ಮಾದರಿಯನ್ನೂ ಕೈಯನ್ನೂ ಚೆನ್ನಾಗಿ ತೊಳೆಯಬೇಕು. ಒರಟು ಪುಡಿಯ ಒಂದು ಕಣ ಉಳಿದರೂ ಗೀರು ಬೀಳುತ್ತದೆ, ಆ ಗೀರು ಸೂಕ್ಷ್ಮದರ್ಶಕದಡಿ ಪದರದ ಹಾಗೇ ಕಾಣುತ್ತದೆ. ಕಡೆಗೆ ಮೇಲ್ಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಟ್ಯೂಬ್‌ಲೈಟಿನ ಪ್ರತಿಬಿಂಬ ಅಂಚು ಅಲುಗದೆ ಕಾಣಬೇಕು. ಅಷ್ಟು ನುಣುಪು.

ಇನ್ನು ಹುಳಿ ತಿನ್ನಿಸುವುದು. ಪದರಗಳ ನಡುವಿನ ಗಡಿಗಳು ಒಂದೊಂದು ಒಂದೊಂದು ವೇಗದಲ್ಲಿ ಕರಗುವುದರಿಂದ ನುಣುಪು ಮೇಲ್ಮೈಯಲ್ಲಿ ಸಣ್ಣ ಏರಿಳಿತ ಹುಟ್ಟುತ್ತದೆ, ನಾವು ಅಚ್ಚು ತೆಗೆಯುವುದು ಆ ಏರಿಳಿತವನ್ನು. ಅಂಗಡಿಯ ವಿನೆಗರ್‌ನಲ್ಲಿ ಸಾಮಾನ್ಯವಾಗಿ ಶೇಕಡಾ 4ರಷ್ಟು ಅಸಿಟಿಕ್ ಆಮ್ಲ ಇರುತ್ತದೆ, ಬಾಟಲಿ ಮೇಲೆ ಬರೆದಿರುತ್ತದೆ. ಒಂದು ಪಾಲು ವಿನೆಗರ್‌ಗೆ ಮೂರು ಪಾಲು ನೀರು ಸೇರಿಸಿದರೆ ಶೇಕಡಾ 1. ಅದರಲ್ಲಿ ಅರ್ಧ ನಿಮಿಷ ಅದ್ದಿ, ತೆಗೆದು, ನೀರಲ್ಲಿ ಮೆಲ್ಲಗೆ ಮುಳುಗಿಸಿ, ಒರೆಸದೆ ಗಾಳಿಯಲ್ಲಿ ಒಣಗಿಸಿ. ಹೊಳಪು ಹೋಗಿ ಕೊಳವೆಯ ಗೋಡೆ ಮಾತ್ರ ಮಂಕಾಗಿದ್ದರೆ ಸರಿಯಾಗಿದೆ. ಸಾಲದಿದ್ದರೆ ಇನ್ನೊಂದು ಅರ್ಧ ನಿಮಿಷ. ಬೇಗ ಆಗಲಿ ಅಂತ ಬಚ್ಚಲು ತೊಳೆಯುವ ಆಸಿಡ್ ಮುಟ್ಟಬೇಡಿ. ನಾನು ಒಮ್ಮೆ ಮುಟ್ಟಿದೆ. ನೊರೆ ಎದ್ದಿತು, ನಾನು ಚಿಮುಟ ಹುಡುಕಿ ತೆಗೆಯುವಷ್ಟರಲ್ಲಿ ರೆಸಿನ್‌ನಲ್ಲಿ ಸುರುಳಿಯ ಆಕಾರದ ಹಳ್ಳ ಮಾತ್ರ ಉಳಿದಿತ್ತು. ಅಕ್ಕ ತಂದದ್ದರಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಅದೇ. ಇವತ್ತಿಗೂ ಆ ಮುಚ್ಚಳ ಎಸೆದಿಲ್ಲ.

ಒಣಗಿದ ಮೇಲ್ಮೈಯನ್ನು ಸ್ವಲ್ಪ ಓರೆಯಾಗಿ ಇಟ್ಟು, ಡ್ರಾಪರಿನಲ್ಲಿ ಅಸಿಟೋನ್ ಹಾಕಿ ಪೂರ್ತಿ ಒದ್ದೆ ಮಾಡಿ, ಕೂಡಲೇ ಅಸಿಟೇಟ್ ಹಾಳೆಯ ತುಂಡನ್ನು ಒಂದು ಅಂಚಿನಿಂದ ಶುರು ಮಾಡಿ ಚಾಪೆ ಹಾಸಿದ ಹಾಗೆ ಇಳಿಸಿ. ಗಾಳಿ ಇನ್ನೊಂದು ಅಂಚಿನಿಂದ ಹೊರಗೆ ಹೋಗಬೇಕು. ಒತ್ತಬೇಡಿ, ಒತ್ತಿದರೆ ಬೆರಳಚ್ಚು ಬೀಳುತ್ತದೆ. ಅರ್ಧ ಗಂಟೆ ಸುಮ್ನೆ ಬಿಡಿ. ಆಮೇಲೆ ಮೂಲೆ ಹಿಡಿದು ನಿಧಾನಕ್ಕೆ ಎಳೆದರೆ ಬಂದುಬಿಡುತ್ತದೆ. ಇದಕ್ಕೇ ಪೀಲ್ ಅನ್ನುವುದು. ಮೊದಲ ಪೀಲ್‌ಗೆ ಮೇಲ್ಮೈಯ ಕೊಳೆ ಅಂಟಿಕೊಂಡು ಬರುತ್ತದೆ, ಬೇಸರ ಬೇಡ. 2000ದಲ್ಲಿ ಮತ್ತೆ ನಾಲ್ಕು ಸುತ್ತು ಉಜ್ಜಿ, ಮತ್ತೆ ಹುಳಿ, ಮತ್ತೆ ಹಾಳೆ. ಎರಡನೆಯದು ಯಾವಾಗಲೂ ಜಾಸ್ತಿ ಚೆನ್ನಾಗಿರುತ್ತದೆ. ಪೀಲ್ ಸುರುಟಿಕೊಳ್ಳದ ಹಾಗೆ ಎರಡು ಗಾಜಿನ ಸ್ಲೈಡುಗಳ ಮಧ್ಯೆ ಇಟ್ಟು ಅಂಚಿಗೆ ಟೇಪ್ ಸುತ್ತಿ.

ಸೂಕ್ಷ್ಮದರ್ಶಕದಲ್ಲಿ ಮೊದಲು 40 ಪಟ್ಟು, ಆಮೇಲೆ 100 ಪಟ್ಟು. ಕೆಳಗಿನ ಬೆಳಕಿನ ಕಿಂಡಿಯನ್ನು ಆದಷ್ಟು ಕಿರಿದು ಮಾಡಿ. ಪೀಲ್‌ನಲ್ಲಿ ಬಣ್ಣ ಇಲ್ಲ, ಬರೀ ಏರಿಳಿತ ಇದೆ, ಬೆಳಕು ಜಾಸ್ತಿಯಾದರೆ ಎಲ್ಲ ಬೆಳ್ಳಗೆ ತೇಲಿಹೋಗುತ್ತದೆ. ಎಷ್ಟೋ ಜನ ಪೀಲ್ ಸರಿ ಬಂದಿಲ್ಲ ಅಂತ ಎಸೆಯುವುದು ಈ ಕಿಂಡಿ ತೆರೆದೇ ಇಟ್ಟು ನೋಡಿದ್ದಕ್ಕೆ.

ಮೊದಲು ಕಡಲ ದಂಡೆಯ ಹುಳುವಿನ ಕೊಳವೆ ನೋಡಿ. ಗೋಡೆಯಲ್ಲಿ ಬಾಣದ ತುದಿಗಳನ್ನು ಒಂದರ ಹಿಂದೆ ಒಂದು ಜೋಡಿಸಿದ ಹಾಗೆ ಗೆರೆಗಳಿರುತ್ತವೆ, ಎಲ್ಲ ತುದಿಗಳೂ ಕೊಳವೆಯ ಬಾಯಿಯ ಕಡೆಗೆ. ಕಾರಣ ಸರಳ. ಹುಳುವಿನ ಕುತ್ತಿಗೆಯ ಸುತ್ತ ಒಂದು ಕಾಲರ್ ಇರುತ್ತದೆ. ಅದನ್ನು ಕೊಳವೆಯ ಅಂಚಿನ ಮೇಲೆ ಮಡಚಿ ಸುಣ್ಣದ ಗಾರೆ ಮೆತ್ತುತ್ತದೆ, ಒಳಗೂ ಸ್ವಲ್ಪ, ಹೊರಗೂ ಸ್ವಲ್ಪ. ಪ್ರತಿ ಸಲವೂ ಅಂಚಿಗೆ ಒಂದು ಟೋಪಿ ಹಾಕಿದ ಹಾಗೆ. ಆ ಟೋಪಿಗಳ ಸಾಲೇ ಬಾಣಗಳು. ಗಾರೆಯೊಳಗಿನ ಹರಳುಗಳೂ ಬಹಳ ಸಲ ಒಂದು ದಿಕ್ಕಿಲ್ಲದೆ ಚೆಲ್ಲಾಪಿಲ್ಲಿಯಾಗಿರುತ್ತವೆ.

ಈಗ ಓಹಾಯೊದ ಸುರುಳಿ. ಬಾಣ ಇಲ್ಲ. ಗೋಡೆಯ ಉದ್ದಕ್ಕೂ ಹರಿಯುವ ತೆಳ್ಳನೆಯ ಗೆರೆಗಳು, ಒಂದರ ಮೇಲೊಂದು ಒತ್ತೊತ್ತಾಗಿ. ಮುರಿದ ಚಿರೋಟಿಯನ್ನು ಪಕ್ಕದಿಂದ ನೋಡಿದ್ದೀರಾ, ಹಾಗೆ. ಈ ಪದರಗಳು ಕ್ಯಾಲ್ಸೈಟ್ ಅನ್ನುವ ಸುಣ್ಣದ ಹರಳಿನವು, ಕ್ಯಾಲ್ಸೈಟ್ ಬಾಳಿಕೆ ಬರುವಂಥದ್ದು, ಹಾಗಾಗಿಯೇ ಇಷ್ಟು ಕೋಟಿ ವರ್ಷದ ನಂತರವೂ ನಮ್ಮ ಕಣ್ಣಿಗೆ ಬೀಳುತ್ತವೆ. ಒಂದೊಂದು ಪದರವನ್ನು ಬಿಡಿಬಿಡಿಯಾಗಿ ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ನಮಗೆ ಕಾಣುವುದು ಪದರಗಳ ಕಟ್ಟುಗಳು, ಅಷ್ಟು ಸಾಕು. ನಾನು ಇದನ್ನು ಮೊದಲ ಸಲ ಕಂಡದ್ದು ಒಂದು ರಾತ್ರಿ ಹನ್ನೊಂದು ಗಂಟೆಗೆ, ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ.

ಪದರಗಳ ಜೊತೆ ಇನ್ನೊಂದು ಗುರುತು ಹುಡುಕಿ. ಕೆಲವದರಲ್ಲಿ ಗೋಡೆಯನ್ನು ಅಡ್ಡಕ್ಕೆ ಕೊರೆದ ಸಣ್ಣ ರಂಧ್ರಗಳಿರುತ್ತವೆ, ಪದರಗಳು ಅಲ್ಲಿ ತುಂಡಾಗಿರುತ್ತವೆ. ಇಂಗ್ಲೆಂಡ್ ಮತ್ತು ಫ್ರಾನ್ಸಿನ ಮಧ್ಯ ಜುರಾಸಿಕ್ ಕಾಲದ ಪಂಕ್ಟಾಕಾಂಕಸ್‌ನಲ್ಲಿ ಈ ರಂಧ್ರಗಳು ಎಷ್ಟು ದೊಡ್ಡವೆಂದರೆ ಹೆಸರೇ ಅದರಿಂದ ಬಂದಿದೆ. ಇನ್ನು ಕೆಲವದರಲ್ಲಿ ರಂಧ್ರವಿಲ್ಲ, ಪದರಗಳೇ ಒಂದು ಕಡೆ ಬಾಗಿರುತ್ತವೆ. ಮಡಿಸಿಟ್ಟ ಸೀರೆಗಳ ರಾಶಿಯ ಮೇಲೆ ಬೆರಳು ಒತ್ತಿದರೆ ಒಂದೊಂದು ಮಡಿಕೆಯೂ ಒಳಕ್ಕೆ ಬಾಗುತ್ತದಲ್ಲ, ಹಾಗೆ. ಎರಡೂ ಇಲ್ಲದವೂ ಇವೆ. ಆದ್ದರಿಂದ ಕಂಡರೆ ಗಟ್ಟಿ ಸಾಕ್ಷಿ, ಕಾಣದಿದ್ದರೆ ತೀರ್ಮಾನ ಬೇಡ.

ಮೊಗ್ಗಿನ ಮಾತಿಗೆ ಬರುತ್ತೇನೆ. ಸುರುಳಿಯ ನಟ್ಟನಡುವೆ ಕೊಳವೆ ಶುರುವಾಗುವ ಜಾಗ ನೋಡಿ. ಮೈಕ್ರೋಕಾಂಕಿಡ್‌ನಲ್ಲಿ ಅಲ್ಲಿ ಮುಚ್ಚಿದ ಪುಟ್ಟ ಬುರುಡೆ ಇರುತ್ತದೆ, ಬಲ್ಬಿನ ಆಕಾರದ್ದು. ಸ್ಪೈರಾರ್ಬಿಸ್‌ನ ಕೊಳವೆ ಶುರುವಿನಲ್ಲೂ ತೆರೆದಿರುತ್ತದೆ. ಅಂದರೆ ಎರಡು ಪ್ರಾಣಿಗಳೂ ಮರಿಯಾಗಿದ್ದಾಗಿನಿಂದಲೇ ಬೇರೆ ಬೇರೆ ರೀತಿ ಮನೆ ಕಟ್ಟುತ್ತಿದ್ದವು. ನನಗೆ ಪದರಗಳಿಗಿಂತ ಇದೇ ಹೆಚ್ಚು ನಂಬಿಕೆಯ ಗುರುತು. ಆದರೆ ಬುರುಡೆ ಬಹಳ ಚಿಕ್ಕದು, ಉಜ್ಜುವಾಗ ನಾಲ್ಕು ಸುತ್ತು ಜಾಸ್ತಿಯಾದರೆ ಮಾಯ. ಅದಕ್ಕೇ 1200ಕ್ಕೆ ಬಂದಾಗಿನಿಂದ ಪ್ರತಿ ಐದು ಸುತ್ತಿಗೆ ನಿಂತು ನಡುವಿನ ಫೋಟೋ ತೆಗೆಯಿರಿ ಅನ್ನುತ್ತೇನೆ.

ತಪ್ಪು ಓದುವ ಜಾಗಗಳು ಎರಡಿವೆ. ಸುರುಳಿಯ ತಳ ತೆಳ್ಳಗಿರುತ್ತದೆ, ಅದರ ಕೆಳಗೇ ಬ್ರೇಕಿಯೋಪಾಡ್ ಚಿಪ್ಪು. ಆ ಚಿಪ್ಪಿನ ಗೆರೆಗಳನ್ನೇ ಕೊಳವೆಯ ಪದರ ಅಂದುಕೊಳ್ಳುವುದು ಸುಲಭ, ಹಾಗಾಗಿ ಪಕ್ಕದ ಗೋಡೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಇನ್ನೊಂದು, ಗೋಡೆಯಲ್ಲಿ ಪದರವೂ ಇಲ್ಲದೆ ಬಾಣವೂ ಇಲ್ಲದೆ ಕಲ್ಲುಸಕ್ಕರೆ ತುಂಡುಗಳನ್ನು ಒತ್ತಿ ಜೋಡಿಸಿದ ಹಾಗೆ ದಪ್ಪ ಹರಳುಗಳು ಮಾತ್ರ ಕಂಡರೆ, ಮೂಲ ಗೋಡೆ ಕರಗಿ ಹೊಸ ಹರಳು ತುಂಬಿದೆ ಅಂತ ಅರ್ಥ. ಅರಾಗೊನೈಟ್, ಅಂದರೆ ಸುಣ್ಣದ ಇನ್ನೊಂದು ಥರದ, ಬೇಗ ಕರಗುವ ಹರಳಿನಿಂದ ಕಟ್ಟಿದ ಗೋಡೆಗಳಿಗೆ ಹೀಗೆ ಬಹಳ ಸಲ ಆಗುತ್ತದೆ. ಅಂಥದ್ದಕ್ಕೆ ಹೆಸರಿಡಲು ಹೋಗಬೇಡಿ.

ಬಂಡೆಯ ವಯಸ್ಸು ಗೊತ್ತಿದ್ದರೆ ಸಹಾಯ ಆಗುತ್ತದೆ. ಮೈಕ್ರೋಕಾಂಕಿಡ್‌ಗಳು ಸುಮಾರು 45 ಕೋಟಿ ವರ್ಷ ಹಿಂದೆ, ಆರ್ಡೋವಿಷಿಯನ್ ಕಾಲದ ಕೊನೆಯ ಭಾಗದಲ್ಲಿ ಬಂದು, ಮಧ್ಯ ಜುರಾಸಿಕ್‌ನಲ್ಲಿ, ಸುಮಾರು 16.6 ಕೋಟಿ ವರ್ಷದ ಹಿಂದೆ ಮುಗಿದುಹೋದವು. ನಿಜವಾದ ಸ್ಪೈರಾರ್ಬಿಸ್ ಬಳಗ ಕಾಣಿಸಿಕೊಳ್ಳುವುದು ಅದಕ್ಕೂ ನಂತರ, ಸುಮಾರು 14.5 ಕೋಟಿ ವರ್ಷ ಹಿಂದೆ ಶುರುವಾದ ಕ್ರಿಟೇಷಿಯಸ್ ಕಾಲದಲ್ಲಿ. ತಮಿಳುನಾಡಿನ ಅರಿಯಲೂರು ಕಡೆಯ ಕ್ರಿಟೇಷಿಯಸ್ ಬಂಡೆಗಳಲ್ಲಿ ಸಿಗುವ ಹುಳುವಿನ ಕೊಳವೆಗಳನ್ನು ಮೈಕ್ರೋಕಾಂಕಿಡ್ ಅನ್ನಲು ಆಗದಿರುವುದು ಇದೇ ಕಾರಣಕ್ಕೆ. ಆದರೂ ವಯಸ್ಸಿನ ಚೀಟಿ ಓದಿಕೊಂಡು ಪೀಲ್ ನೋಡಬೇಡಿ, ಪೀಲ್ ನೋಡಿ ಬರೆದ ಮೇಲೆ ಚೀಟಿ ಓದಿ. ಮೊದಲೇ ಓದಿದರೆ ಕಣ್ಣು ತನಗೆ ಬೇಕಾದ್ದನ್ನೇ ಹುಡುಕುತ್ತದೆ.

ಅದೇ ಬ್ರೇಕಿಯೋಪಾಡ್ ಮೇಲೆ ಸುರುಳಿಯಾಗದ, ಉಂಗುರ ಉಂಗುರವಾಗಿ ಕೊಂಬಿನ ಹಾಗೆ ಅಗಲವಾಗುವ ಕೊಳವೆಯೂ ಸಿಗಬಹುದು. ಅದು ಕಾರ್ನುಲೈಟಿಸ್. ಅದರ ಗೋಡೆಯಲ್ಲೂ ಪದರ ಇದೆ, ಆದರೆ ಪದರಗಳ ನಡುವೆ ಅಲ್ಲಲ್ಲಿ ಗುಳ್ಳೆಯಂಥ ಖಾಲಿ ಕೋಣೆಗಳು. ಪದರ, ಬಾಗು, ಮುಚ್ಚಿದ ಶುರು, ಇವೆಲ್ಲ ಸೇರಿಸಿ ನೋಡಿದವರು ಈ ಎರಡೂ ಗುಂಪುಗಳನ್ನು ಬ್ರೇಕಿಯೋಪಾಡ್‌ಗಳ ದೂರದ ಬಳಗಕ್ಕೆ ಸೇರಿಸುತ್ತಾರೆ. ತಾವು ಅಂಟಿಕೊಂಡು ಕೂತ ಚಿಪ್ಪಿನ ಒಡೆಯನಿಗೇ ನೆಂಟರು.

ಕೊನೆಗೆ ಚೀಟಿ. ಹೆಸರಿನ ಮೊದಲು ಕಂಡದ್ದನ್ನು ಬರೆಯಿರಿ: ಯಾವ ದಿಕ್ಕಿನ ಸೀಳು, ಪದರವೋ ಬಾಣವೋ ಹರಳೋ, ರಂಧ್ರ ಇದೆಯೋ ಬಾಗು ಇದೆಯೋ, ಬುರುಡೆ ಕಂಡಿತೋ ಇಲ್ಲವೋ, ಎಷ್ಟು ಹೊತ್ತು ಹುಳಿ, ಎಷ್ಟನೇ ಪೀಲ್. ಅನುಮಾನ ಇದ್ದರೆ 'ಸುರುಳಿ ಕೊಳವೆ, ಗುಂಪು ತಿಳಿಯದು' ಅಂತಲೇ ಇರಲಿ. ಅರ್ಧ ಉಜ್ಜಿದ ರೆಸಿನ್ ತುಂಡು, ಪೀಲ್, ಉಜ್ಜುವ ಮೊದಲಿನ ಫೋಟೋ ಮೂರಕ್ಕೂ ಒಂದೇ ನಂಬರ್ ಹಾಕಿ ಒಂದೇ ಡಬ್ಬಿಯಲ್ಲಿಡಿ. ಕೊಳವೆಯ ಇನ್ನರ್ಧ ಆ ರೆಸಿನ್ ಒಳಗೇ ಇದೆ, ನಿಮಗಿಂತ ಒಳ್ಳೆಯ ಸೂಕ್ಷ್ಮದರ್ಶಕ ಇರುವವರು ಯಾರಾದರೂ ಕೇಳಿದಾಗ ಕೊಡಬಹುದು.